ಎಳೆಯರೊಡನೆ ಪ್ರವಾಸ: ಹಡಗೋ, ಮಾಯಾನಗರಿಯೋ?

ನಮ್ಮ ಹಿಂದಿನ ತಲೆಮಾರಿನವರಿಗೆ ಊರು ಬಿಟ್ಟು ಹೋಗುವುದೆಂದರೆ ಯಾತ್ರೆ, ಇಲ್ಲವೆ ಜಾತ್ರೆ, ಇಲ್ಲವೆ ಬೀಗರ ಮನೆಯ ಮದುವೆ. ಹೋಗಬೇಕಾದ ಸ್ಥಳ ಮೊದಲೇ ನಿಶ್ಚಯವಾಗಿರುತ್ತಿತ್ತು. ಕೂಸುಗಳು ತಾಯಂದಿರ ಕಂಕುಳಲ್ಲಿ ಕುಳಿತು, ಚಕ್ಕಡಿಯ ಮೇವಿನ ಮೇಲೆ ಮಲಗಿ, ಹಿರಿಯರು ಹೋದಲ್ಲಿಗೆ ಹೋಗಿ ಬರುತ್ತಿದ್ದವು. ಕೂಸುಗಳಿಗಾಗಿಯೇ ಒಂದು ಪ್ರವಾಸ, ಅದಕ್ಕೆ ತಿಂಗಳುಗಟ್ಟಲೆ ಮುಂಚೆ ಹಣ ಕಟ್ಟುವುದು, ಎಲ್ಲಿಗೆ ಹೋಗಬೇಕೆಂದು ಗಂಡಹೆಂಡಿರು ವಾದಿಸುವುದು, ಇವೆಲ್ಲ ನಮ್ಮ ಕಾಲಕ್ಕೆ ಬಂದ ಸಂಗತಿಗಳು. ಇಂದು ನಮ್ಮ ಎಷ್ಟೋ ಮನೆಗಳ ಮಕ್ಕಳು ಹೊರದೇಶಗಳಲ್ಲಿ ಸಂಸಾರ ಹೂಡಿದ್ದಾರೆ. ಇಂಥ ವಾದದ ನಡುವೆ ಕುಳಿತು ನ್ಯಾಯ ಹೇಳುವ ಪ್ರಸಂಗ ಓದುಗರಲ್ಲಿ ಕೆಲವರಿಗಾದರೂ ಒದಗಿರಬಹುದು. ನನಗೆ ಅದು ಒದಗಿದ್ದು ೨೦೨೩ರ ಜನವರಿಯಲ್ಲಿ, ಅಮೆರಿಕದ ಅಟ್ಲಾಂಟಾ ನಗರದಲ್ಲಿರುವ ಮಗಳ ಮನೆಯಲ್ಲಿ.

ಮಗಳಿಗೆ ಮೂವರು ಮಕ್ಕಳು. ಹಿರಿಯವನಿಗೆ ಆಗ ಆರು ವರ್ಷ ದಾಟಿತ್ತು. ಅವನ ಬೆನ್ನಿಗೆ ೨೦೨೧ರ ಜುಲೈಯಲ್ಲಿ ಹುಟ್ಟಿದ ಅವಳಿಗಳು, ಒಂದು ಗಂಡು, ಒಂದು ಹೆಣ್ಣು. ಆ ವರ್ಷದ ಮೇ ತಿಂಗಳಿನಿಂದ ನವೆಂಬರಿನವರೆಗೆ ನಮ್ಮ ದೇಶದಿಂದ ಅಲ್ಲಿಗೆ ಹೋಗುವವರಿಗೆ ಮಹಾಮಾರಿಯ ಕಾರಣದಿಂದ ನಿರ್ಬಂಧವಿತ್ತು. ಆದಕಾರಣ ತಾಯಿಯಾದವಳು ಮಗಳ ಬಾಣಂತನಕ್ಕೆ ಹೋಗಲಾಗಲಿಲ್ಲ. ಅವಳಿ ಕೂಸುಗಳ ಬಾಣಂತನವನ್ನು ಮಗಳು ತಾನೇ ಮಾಡಿಕೊಂಡಳು. ನನ್ನ ಮನೆಯವರು ಆ ಆರು ತಿಂಗಳು ಫೋನಿನ ಗಾಜಿನಲ್ಲಿ ಮೊಮ್ಮಕ್ಕಳನ್ನು ನೋಡುತ್ತ, ಕರೆ ಮುಗಿದ ಮೇಲೆ ಅಡುಗೆಮನೆಗೆ ಹೋಗಿ ಸುಮ್ಮನೆ ನಿಲ್ಲುತ್ತಿದ್ದರು. ಇದನ್ನು ಮುಂದಿನ ಮಾತಿಗೆ ಬೇಕಾಗಿರುವುದರಿಂದ ಹೇಳಿದೆ.

ಏಪ್ರಿಲ್ ತಿಂಗಳಲ್ಲಿ ಶಾಲೆಗೆ ಒಂದು ವಾರ ರಜೆ. ಅಳಿಯಂದಿರು ಫ್ಲಾರಿಡಾದ ಡಿಸ್ನಿ ವರ್ಲ್ಡ್‌ಗೆ ಹೋಗೋಣವೆಂದರು. ಮಗಳು ಅದೇ ಫ್ಲಾರಿಡಾದ ಕಡಲತೀರದಿಂದ ಹೊರಡುವ ವಿಹಾರನೌಕೆಯಲ್ಲಿ, ಅಂದರೆ ಅವರು ಕ್ರೂಸ್ ಎನ್ನುವ ಹಡಗಿನಲ್ಲಿ, ನಾಲ್ಕು ರಾತ್ರಿ ಹೋಗಿ ಬರೋಣವೆಂದಳು. ಎರಡು ವಾರ ಮಾತು ಬೆಳೆಯಿತೇ ಹೊರತು ಇತ್ಯರ್ಥವಾಗಲಿಲ್ಲ. ಕಡೆಗೆ ಅಳಿಯಂದಿರು, “ಮಾವಾರ, ನೀವೇ ಒಂದು ಮಾತು ಹೇಳ್ರಿ. ನಾವಿಬ್ಬರೂ ಕೇಳ್ತೀವಿ,” ಎಂದರು. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಬಾಯಿಪಾಠ ಮಾಡಿದವನು ನಾನು. ಪೂರ್ವಪಕ್ಷವನ್ನು ಪೂರ್ತಿ ಕೇಳದೆ ಸಿದ್ಧಾಂತಕ್ಕೆ ಇಳಿಯುವ ಅಭ್ಯಾಸವಿಲ್ಲ. ಎರಡೂ ಪಕ್ಷಗಳನ್ನು ಒಂದು ವಹಿಯಲ್ಲಿ ಬರೆದುಕೊಳ್ಳಲು ಕುಳಿತೆ. ನನ್ನ ಮನೆಯವರು ನಕ್ಕರು.

ಮಾಯಾನಗರಿಯ ಪಕ್ಷ ನನಗೆ ಹೊಸದಲ್ಲ. ೨೦೧೯ರ ಫೆಬ್ರುವರಿಯಲ್ಲಿ, ಹಿರಿಯ ಮೊಮ್ಮಗ ಎರಡೂವರೆ ವರ್ಷದವನಿದ್ದಾಗ, ನಾವೆಲ್ಲ ಅಲ್ಲಿಗೆ ಹೋಗಿದ್ದೆವು. ಆರ್ಲ್ಯಾಂಡೊ ನಗರದ ಹತ್ತಿರ ಸುಮಾರು ೪೦ ಚದರ ಮೈಲಿಯ ವಿಸ್ತಾರದಲ್ಲಿ ಹಬ್ಬಿರುವ ಈ ವಿನೋದಭೂಮಿ ೧೯೭೧ರ ಅಕ್ಟೋಬರ್ ೧ರಂದು ತೆರೆಯಿತು. ಅದನ್ನು ಕನಸು ಕಂಡ ವಾಲ್ಟ್ ಡಿಸ್ನಿ ೧೯೬೬ರಲ್ಲೇ ತೀರಿಕೊಂಡಿದ್ದುದರಿಂದ ಅದನ್ನು ನೋಡಲಿಲ್ಲ. ಅದರೊಳಗೆ ನಾಲ್ಕು ಬೇರೆ ಬೇರೆ ಥೀಮ್ ಪಾರ್ಕ್‌ಗಳಿವೆ. ಎಳೆಯರಿಗೆ ಹೆಚ್ಚು ಒಗ್ಗುವುದು ಮೊದಲು ಕಟ್ಟಿದ ಮ್ಯಾಜಿಕ್ ಕಿಂಗ್‌ಡಮ್. ೧೮೯ ಅಡಿ ಎತ್ತರದ ಸಿಂಡ್ರೆಲಾ ಕೋಟೆ ಇರುವುದು ಅಲ್ಲಿಯೇ.

ಅದರ ಗುಣಗಳನ್ನು ಮೊದಲು ಹೇಳುತ್ತೇನೆ. ಮೂರು ವರ್ಷದೊಳಗಿನ ಮಕ್ಕಳಿಗೆ ಟಿಕೇಟು ಇಲ್ಲ. ಉಳಿದವರಿಗೆ ದಿನಕ್ಕೆ ತಲೆಗೆ ನೂರು ಡಾಲರಿಗೂ ಮೇಲಾಗುವ ಜಾಗದಲ್ಲಿ ಇದು ಸಣ್ಣ ಮಾತಲ್ಲ. ಕೂಸಿಗೆ ಹಾಲೂಡಿಸಲು, ಬಟ್ಟೆ ಬದಲಿಸಲು ಪ್ರತ್ಯೇಕವಾದ ಶುಚಿಯಾದ ಮನೆಯಿದೆ. ಮನೆಯ ಬುತ್ತಿಯನ್ನು ಒಳಗೊಯ್ಯಬಹುದು. ನನ್ನ ಮನೆಯವರು ರೊಟ್ಟಿ, ಶೇಂಗಾ ಚಟ್ನಿ ಒಯ್ದಿದ್ದರು. ಚೀಲ ತಪಾಸಣೆ ಮಾಡಿದ ಹೆಣ್ಣುಮಗಳು ರೊಟ್ಟಿಯನ್ನು ತಿರುವಿ ನೋಡಿ, ನಗುತ್ತ ಮರಳಿ ಇಟ್ಟಳು. ತಂದೆತಾಯಿಗಳಲ್ಲಿ ಒಬ್ಬರು ಮಗುವಿನ ಬಳಿ ನಿಂತು, ಇನ್ನೊಬ್ಬರು ಆಟವಾಡಿ ಬಂದ ಮೇಲೆ, ನಿಂತವರು ಮತ್ತೆ ಸರದಿಯಲ್ಲಿ ಕಾಯದೆ ಹೋಗಬಹುದಾದ ಒಂದು ಏರ್ಪಾಡೂ ಇದೆ. ಯೋಚಿಸಿ ಮಾಡಿದವರ ಕೆಲಸ.

ದೋಷವಿರುವುದು ದೂರದಲ್ಲಿ. ಕಾರು ನಿಲ್ಲಿಸಿದ ಬಯಲಿನಿಂದ ಟ್ರಾಮ್, ಟ್ರಾಮಿನಿಂದ ಇಳಿದು ಮೋನೋರೈಲು ಇಲ್ಲವೆ ಕೆರೆ ದಾಟಿಸುವ ದೋಣಿ, ಅದರಿಂದ ಇಳಿದರೆ ಬಾಗಿಲು. ಹೊರಟ ಒಂದು ಗಂಟೆಯ ಮೇಲೆ ಕೋಟೆ ಕಂಡಿತು. ಅಷ್ಟರಲ್ಲಿ ಕೂಸಿಗೆ ಒಂದು ಹಸಿವು ಬಂದು ಹೋಗಿತ್ತು. ಒಳಗೆ ಪ್ರತಿಯೊಂದು ರಭಸದ ಆಟದ ಮುಂದೆ ಎತ್ತರ ಅಳೆಯುವ ಕೋಲು. ಏಳು ಕುಳ್ಳರ ಗಣಿಯ ರೈಲಿಗೆ ೩೮ ಅಂಗುಲ ಬೇಕು, ಸ್ಪೇಸ್ ಮೌಂಟನ್ ಎಂಬುದಕ್ಕೆ ೪೪. ನಮ್ಮವನಿಗೆ ಎರಡೂ ಇರಲಿಲ್ಲ. ೧೯೬೪ರ ನ್ಯೂಯಾರ್ಕ್ ಜಾಗತಿಕ ಮೇಳಕ್ಕೆಂದು ಮಾಡಿದ ಒಂದು ದೋಣಿಯಾಟ ಅಲ್ಲಿದೆ. ನಾನಾ ದೇಶದ ಗೊಂಬೆಗಳು ಒಂದೇ ಹಾಡನ್ನು ಹಾಡುತ್ತವೆ. ಅದರಲ್ಲಿ ಮೂರು ಸಲ ಕೂರಿಸಿದೆವು, ಮೂರು ಸಲವೂ ಕಣ್ಣರಳಿಸಿ ನೋಡಿದ. ಮಧ್ಯಾಹ್ನ ಒಂದು ಗಂಟೆಗೆ ತಳ್ಳುಬಂಡಿಯಲ್ಲಿ ನಿದ್ದೆ ಹೋದವನು ಮೆರವಣಿಗೆಯನ್ನೆಲ್ಲ ನಿದ್ದೆಯಲ್ಲೇ ಕಳೆದ. ರಾತ್ರಿ ಕೋಟೆಯ ಮೇಲೆ ಬಾಣಬಿರುಸು ಸಿಡಿದಾಗ ಎರಡೂ ಕಿವಿ ಮುಚ್ಚಿಕೊಂಡು ಅಜ್ಜಿಯ ಸೆರಗಿನಲ್ಲಿ ಮುಖ ಹುದುಗಿಸಿ ಅತ್ತ.

ಮರಳಿ ದೋಣಿ, ಮರಳಿ ಟ್ರಾಮ್. ಕಾರು ನಿಲ್ಲಿಸುವ ಸಾಲುಗಳಿಗೆ ಅಲ್ಲಿ ಕಥೆಗಳ ನಾಯಕರ, ಖಳನಾಯಕರ ಹೆಸರಿಟ್ಟಿದ್ದಾರೆ. ನಮ್ಮದು ಯಾರ ಸಾಲೆಂಬುದನ್ನು ಎಲ್ಲರೂ ಮರೆತಿದ್ದೆವು. ರಾತ್ರಿ ಹನ್ನೊಂದರ ಸುಮಾರಿಗೆ ಆ ಬಯಲಿನಲ್ಲಿ ಮಗಳು ಅಳಿಯಂದಿರಿಬ್ಬರೂ ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತಿದ್ದರು. ನನ್ನ ಮನೆಯವರು ಮೊಣಕಾಲು ಹಿಡಿದುಕೊಂಡು ರಸ್ತೆಯ ಅಂಚಿನ ಕಲ್ಲಿನ ಮೇಲೆ ಕುಳಿತಿದ್ದರು. ಅದರಲ್ಲಿ ಪಾರ್ಕಿನ ತಪ್ಪೇನೂ ಇಲ್ಲ. ಬೆಳಿಗ್ಗೆ ಹೋಗಿ, ಊಟದ ಹೊತ್ತಿಗೆ ಕೋಣೆಗೆ ಮರಳಿ, ಕೂಸನ್ನು ಮಲಗಿಸಿ, ಸಂಜೆ ಮನಸ್ಸಿದ್ದರೆ ಮತ್ತೆ ಹೋಗಬೇಕಾಗಿತ್ತು. ಹಣ ಕೊಟ್ಟಿದ್ದೇವೆಂಬ ಲೋಭ ನಮ್ಮನ್ನು ಹದಿನಾಲ್ಕು ಗಂಟೆ ಅಲ್ಲಿ ನಿಲ್ಲಿಸಿತು.

ಈಗ ಹಡಗಿನ ಪಕ್ಷ. ಇದನ್ನು ವಿಚಾರಿಸಿ ತಿಳಿದೆ. ಆರು ತಿಂಗಳು ತುಂಬದ ಕೂಸನ್ನು ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದಿಲ್ಲ. ಮಹಾಸಾಗರ ದಾಟುವಂಥ ದೀರ್ಘ ಪ್ರಯಾಣಕ್ಕೆ ಒಂದು ವರ್ಷ ತುಂಬಿರಬೇಕೆನ್ನುವುದುಂಟು. ಕೂಸಾದರೂ ಒಬ್ಬ ಪ್ರಯಾಣಿಕನೆಂದೇ ಲೆಕ್ಕ, ಬಂದರಿನ ತೆರಿಗೆ ಅದಕ್ಕೂ ಬೀಳುತ್ತದೆ. ಡೈಪರ್ ಬಿಡದ ಮಕ್ಕಳು ಹಡಗಿನ ಈಜುಕೊಳಕ್ಕೆ ಇಳಿಯುವಂತಿಲ್ಲ. ಅಮೆರಿಕದ ಸಾರ್ವಜನಿಕ ಆರೋಗ್ಯದ ನಿಯಮವೇ ಹಾಗಿದೆ. ಕೆಲವು ಹಡಗುಗಳಲ್ಲಿ ಮಾತ್ರ ಅಂಥ ಮಕ್ಕಳಿಗೆಂದು ನೀರು ಚಿಮ್ಮುವ ಬೇರೆ ಜಾಗವಿರುತ್ತದೆ. ಮಕ್ಕಳ ಆಟದ ಮನೆಗೆ ಬಹುತೇಕ ಮೂರು ವರ್ಷ ತುಂಬಿರಬೇಕು, ಶೌಚದ ಅಭ್ಯಾಸವೂ ಆಗಿರಬೇಕು. ಅದಕ್ಕಿಂತ ಸಣ್ಣವರನ್ನು ನೋಡಿಕೊಳ್ಳುವ ಕೋಣೆ ಕೆಲವು ಹಡಗುಗಳಲ್ಲಿದೆ, ಗಂಟೆಗೆ ಇಷ್ಟೆಂದು ಹಣ. ಮನೆಯಲ್ಲಿ ಮಾಡಿದ ಆಹಾರವನ್ನು ಒಳಗೆ ಬಿಡುವುದಿಲ್ಲ, ಮೊಹರು ಒಡೆಯದ ಕೂಸಿನ ಆಹಾರಕ್ಕೆ ಅಡ್ಡಿಯಿಲ್ಲ. ಅಮೆರಿಕದಲ್ಲಿ ಹುಟ್ಟಿದ ಮಕ್ಕಳಿಗೆ, ಹೊರಟ ಬಂದರಿಗೇ ಮರಳುವ ಹಡಗಾದರೆ, ಜನನಪತ್ರ ಸಾಕು. ನಮ್ಮಂಥವರಿಗೆ ಪಾಸ್‌ಪೋರ್ಟಿನೊಡನೆ ಆ ದೇಶವನ್ನು ಮತ್ತೆ ಮತ್ತೆ ಪ್ರವೇಶಿಸಲು ಅನುಮತಿಯಿರುವ ವೀಸಾ ಇರಬೇಕು. ಅವಸರದಲ್ಲಿ ಇದನ್ನು ಮರೆತವರ ಪಾಡು ಕಷ್ಟದ್ದು.

ವಹಿಯ ಎರಡೂ ಪುಟ ತುಂಬಿದವು. ಲೆಕ್ಕಕ್ಕೆ ಪಾರ್ಕೇ ಗೆದ್ದಿತು. ಅವಳಿಗಳಿಗೆ ಟಿಕೇಟಿಲ್ಲ, ಹಡಗಿನಲ್ಲಿ ಅವಕ್ಕೆ ಮುಚ್ಚಿದ ಬಾಗಿಲುಗಳೇ ಹೆಚ್ಚು. ಊಟದ ಹೊತ್ತಿಗೆ ನಿರ್ಣಯ ಹೇಳಬೇಕೆಂದಿದ್ದೆ. ವಹಿಯನ್ನು ಮೊದಲು ನನ್ನ ಮನೆಯವರಿಗೆ ಓದಿ ಹೇಳಿದೆ. ಅವರು ರೊಟ್ಟಿ ಬಡಿಯುತ್ತಲೇ ಕೇಳಿದರು. “ಇದರಾಗ ಕೂಸುಗಳದು ಬರದೀರಿ, ರೊಕ್ಕದ್ದು ಬರದೀರಿ. ಆಕೀದು ಎಲ್ಲಿ ಬರದೀರಿ?” ಎಂದರು.

ಬರೆದಿರಲಿಲ್ಲ. ಎರಡು ವರ್ಷದೊಳಗಿನ ಕೂಸಿಗೆ ಎಲ್ಲಿಗೆ ಒಯ್ದರೂ ಅದು ಮುಂದೆ ನೆನಪಿರುವುದಿಲ್ಲ. ಮೂರು ವರ್ಷಕ್ಕೆ ಮುಂಚಿನ ನೆನಪುಗಳು ಬೆಳೆದ ಮೇಲೆ ಬಹುಮಟ್ಟಿಗೆ ಉಳಿಯುವುದಿಲ್ಲವೆಂದು ಮನಶ್ಶಾಸ್ತ್ರಜ್ಞರೂ ಹೇಳುತ್ತಾರೆ. ಹಿರಿಯ ಮೊಮ್ಮಗನನ್ನು ಕರೆದು ಡಿಸ್ನಿಯಲ್ಲಿ ಏನು ನೋಡಿದ್ದೆಯೆಂದು ಕೇಳಿದರೆ, “ನಾನು ಹೋಗೇ ಇಲ್ಲ ಮುತ್ಯಾ,” ಎಂದು ಮುನಿಸಿನಿಂದಲೇ ಹೇಳಿದ. ಹಾಗಿದ್ದಮೇಲೆ ಈ ಪ್ರವಾಸ ಯಾರದು? ಅವಳಿಗಳ ತೊಟ್ಟಿಲ ಬಳಿ ಒಬ್ಬಳೇ ರಾತ್ರಿಗಳನ್ನು ಕಳೆದ ಹೆಣ್ಣುಮಗಳು ಹಡಗನ್ನು ಏಕೆ ಕೇಳುತ್ತಿದ್ದಾಳೆಂದು ತಾಯಿಗೆ ತಿಳಿದಿತ್ತು. ವಹಿ ಬರೆದ ನನಗೆ ತಿಳಿದಿರಲಿಲ್ಲ. ಹಡಗೆಂದು ತೀರ್ಮಾನವಾಯಿತು. ಹಿರಿಯವನು ಅತ್ತನು. ಅವನ ಅಳುವಿಗೆ ಒಂದು ಉಪಾಯವನ್ನು ಅಳಿಯಂದಿರು ಹುಡುಕಿದರು, ಅದನ್ನು ಮುಂದೆ ಹೇಳುತ್ತೇನೆ.

ಅಟ್ಲಾಂಟಾದಿಂದ ಆರ್ಲ್ಯಾಂಡೊಕ್ಕೆ ಸುಮಾರು ೭೦೦ ಕಿಲೋಮೀಟರು. ಎಳೆಯರಿರುವ ಕಾರಿಗೆ ಇಡೀ ದಿನದ ಹಾದಿ. ಅಲ್ಲಿಂದ ಪೂರ್ವಕ್ಕೆ ಒಂದು ಗಂಟೆ ಹೋದರೆ ಕನಾವೆರಲ್ ಬಂದರು. ರಾಕೆಟ್ಟುಗಳನ್ನು ಹಾರಿಸುವ ಕೆನಡಿ ಅಂತರಿಕ್ಷ ಕೇಂದ್ರ ಅದರ ಮಗ್ಗುಲಲ್ಲೇ ಇದೆ. ನನ್ನ ಮನೆಯವರು ಎರಡು ದಿನ ಕುಳಿತು ಮಾಡಿದ್ದ ಖಟಕ್ ರೊಟ್ಟಿಯ ಗಂಟನ್ನು, ನಿಯಮ ಹೇಳಿದರೂ ಒಪ್ಪದೆ, ಕಾರಿನಲ್ಲಿ ತಂದೇ ತಂದರು. ಬಂದರಿನಲ್ಲಿ ಅದನ್ನು ಕಾರಿನೊಳಗೇ ಬಿಟ್ಟು ಹೋಗಬೇಕಾಯಿತು.

ಹಡಗಿನಲ್ಲಿ ಅಕ್ಕಪಕ್ಕದ ಎರಡು ಕೋಣೆ ಹಿಡಿದಿದ್ದೆವು. ಬಾಲ್ಕನಿಯ ಕೋಣೆ ಬೇಡವೆಂದು ನನ್ನ ಮನೆಯವರು ಮೊದಲೇ ಹಟ ಹಿಡಿದಿದ್ದರು. ಕುರ್ಚಿ ಹತ್ತುವುದನ್ನು ಆಗತಾನೆ ಕಲಿತ ಎರಡು ಕೂಸುಗಳಿರುವಲ್ಲಿ ಅದು ವಿವೇಕದ ಮಾತು. ತೆರೆಯಲು ಬಾರದ ದುಂಡನೆಯ ಕಿಟಕಿ ಸಾಕಾಯಿತು. ಕೋಣೆ ಚಿಕ್ಕದು. ಮಡಚುವ ಎರಡು ತೊಟ್ಟಿಲು ಹಾಕಿದ ಮೇಲೆ ಮಗಳ ಕೋಣೆಯಲ್ಲಿ ಕಾಲಿಡಲು ಅಂಗೈಯಗಲದ ದಾರಿ ಉಳಿಯಿತು. ಅಗಲವಾದ ಜೋಡಿ ತಳ್ಳುಬಂಡಿ ಬಾಗಿಲಲ್ಲಿ ಹಿಡಿಸುವುದಿಲ್ಲ. ಒಂದರ ಹಿಂದೊಂದು ಕೂರುವ ಬಂಡಿಯನ್ನೇ ಅಳಿಯಂದಿರು ತಂದಿದ್ದರು. ಹೊರಡುವ ಮುನ್ನ ಎಲ್ಲರೂ ತಮಗೆ ಗೊತ್ತುಪಡಿಸಿದ ಜಾಗಕ್ಕೆ ಹೋಗಿ ಅಪಾಯ ಬಂದರೆ ನಡೆದುಕೊಳ್ಳಬೇಕಾದ ಬಗೆಯನ್ನು ತಿಳಿಯಬೇಕು. ೧೯೧೨ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ೧೯೧೪ರಲ್ಲಿ ದೇಶದೇಶಗಳು ಕೂಡಿ ಮಾಡಿಕೊಂಡ ಒಪ್ಪಂದದ ಸಂತತಿ ಈ ನಿಯಮಗಳು. ಅವಳಿಗಳಿಗೆ ಅಂಗೈಯಷ್ಟು ಜೀವರಕ್ಷಕ ಅಂಗಿಗಳನ್ನು ತೊಡಿಸಿ ನೋಡಿದಾಗ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಹಡಗಿನ ಗುಣ ಮೊದಲನೆಯ ದಿನವೇ ತಿಳಿಯಿತು. ಊಟ, ಹಾಸಿಗೆ, ಶೌಚಾಲಯ ಈ ಮೂರರ ನಡುವಿನ ಅಂತರ ಎಲ್ಲಿ ನಿಂತರೂ ಐದು ನಿಮಿಷ. ಅವಳಿಗಳು ಮಧ್ಯಾಹ್ನ ತಮ್ಮ ಹೊತ್ತಿಗೆ ತಮ್ಮ ತೊಟ್ಟಿಲಲ್ಲಿ ಮಲಗಿದವು. ಸಂಜೆ ಎದ್ದು ರತ್ನಗಂಬಳಿ ಹಾಸಿದ ಉದ್ದನೆಯ ಓಣಿಯಲ್ಲಿ ಓಡಿದವು. ಹಣ ಕೊಟ್ಟು ಬಂದ ನೀರಾಟಗಳಿಗಿಂತ ಲಿಫ್ಟಿನ ಬಾಗಿಲು ತೆರೆದು ಮುಚ್ಚುವುದೇ ಅವಕ್ಕೆ ದೊಡ್ಡ ಸೋಜಿಗ. ಎರಡನೆಯ ದಿನ ಹಡಗಿನವರ ಸ್ವಂತ ದ್ವೀಪದ ಮರಳಿನಲ್ಲಿ ಆಡಿದವು. ಅಲ್ಲಿ ಡೈಪರಿನ ತಕರಾರಿಲ್ಲ, ಸಮುದ್ರ ಯಾರನ್ನೂ ತಡೆಯುವುದಿಲ್ಲ.

ಆ ರಾತ್ರಿ ಹೆಣ್ಣು ಕೂಸು ವಾಂತಿ ಮಾಡಿಕೊಂಡಿತು.

ಸಾವಿರಾರು ಜನ ಒಂದೇ ಸೂರಿನಡಿ ಉಣ್ಣುವ ಹಡಗಿನಲ್ಲಿ ವಾಂತಿಭೇದಿ ಬೇಗ ಹರಡುತ್ತದೆ. ಅಂಥ ಲಕ್ಷಣ ಕಂಡರೆ ವೈದ್ಯರಿಗೆ ತಿಳಿಸಬೇಕೆಂದು ಹತ್ತುವಾಗಲೇ ಹೇಳಿದ್ದರು. ತಿಳಿಸಿದರೆ ಕೋಣೆಯಲ್ಲೇ ಕೂಡಿಸುತ್ತಾರೆ. ಮಾರನೆಯ ದಿನ ಬಹಾಮಾಸ್ ದೇಶದ ರಾಜಧಾನಿ ನಸ್ಸಾವು. ಅಳಿಯಂದಿರು ಬೆಳಗಿನವರೆಗೆ ನೋಡೋಣವೆಂದರು. ಮಗಳು ಸುಮ್ಮನಿದ್ದಳು. ಸತ್ಯವನ್ನು ಕುರಿತು ನಲವತ್ತು ವರ್ಷ ಪಾಠ ಹೇಳಿದವನು ನಾನು. ಆದರೂ ಆ ಹೊತ್ತಿಗೆ ನನ್ನ ಬಾಯಿಂದಲೂ ಬಂದ ಮಾತು ಅದೇ: ಬೆಳಗಿನವರೆಗೆ ನೋಡೋಣ. ಕೂಸು ಹೆಚ್ಚು ಕಲ್ಲಂಗಡಿ ತಿಂದಿತ್ತಲ್ಲವೆ? ನನ್ನ ಮನೆಯವರು, “ಊರ ಮಂದಿ ಕೂಸುಗಳು ಅದಾವು ಇಲ್ಲಿ,” ಎಂದು ಹೇಳಿ ಫೋನನ್ನು ಮಗಳ ಕೈಗೆ ಕೊಟ್ಟರು. ದಾದಿ ಬಂದು ನೋಡಿದಳು. ಜ್ವರವಿರಲಿಲ್ಲ, ಮತ್ತೆ ವಾಂತಿಯಾಗಲಿಲ್ಲ. ಆದರೂ ಆ ಕೂಸು ಒಂದು ದಿನ ಕೋಣೆ ಬಿಡಬಾರದೆಂದು ಅಪ್ಪಣೆಯಾಯಿತು.

ಬೆಳಿಗ್ಗೆ ನನ್ನ ಮನೆಯವರು ಒಂದು ವ್ಯವಸ್ಥೆ ಮಾಡಿದರು. ಕೂಸಿನೊಡನೆ ತಾವು ಕೋಣೆಯಲ್ಲಿರುವುದು. ಗಂಡುಮಕ್ಕಳೆಲ್ಲ, ಅಂದರೆ ಅಳಿಯಂದಿರು, ನಾನು, ಹಿರಿಯವನು, ಬಂಡಿಯಲ್ಲಿ ಇನ್ನೊಂದು ಅವಳಿ, ಊರು ನೋಡಲು ಹೋಗುವುದು. “ನೀ ಮ್ಯಾಲೆ ಹೋಗಿ ಕೂಡು. ಯಾರೂ ಕರಿಯೂದಿಲ್ಲ,” ಎಂದು ಮಗಳಿಗೆ ಹೇಳಿದರು.

ನಸ್ಸಾವಿನಲ್ಲಿ ನಾವು ನೋಡಿದ್ದು ಹೆಚ್ಚೇನೂ ಇಲ್ಲ. ಸುಣ್ಣಕಲ್ಲಿನ ಬೆಟ್ಟವನ್ನು ಗುಲಾಮರು ಕಡಿದು ಮಾಡಿದ ಒಂದು ಮೆಟ್ಟಿಲ ಸಾಲಿದೆ. ೧೭೯೩-೯೪ರ ಸುಮಾರಿನದು, ಆಮೇಲೆ ವಿಕ್ಟೋರಿಯಾ ರಾಣಿಯ ಹೆಸರು ಬಂತು. ಅಳಿಯಂದಿರೂ ಹಿರಿಯ ಮೊಮ್ಮಗನೂ ಹತ್ತಿದರು. ಬಂಡಿ ಹತ್ತಲಾರದ್ದರಿಂದ ನಾನು ಕೂಸಿನೊಡನೆ ಬುಡದಲ್ಲೇ ನಿಂತೆ. ಎರಡು ಕಡೆಗೂ ಕಡಿದಾದ ಕಲ್ಲಿನ ಗೋಡೆ, ಮೇಲೆ ಮರಗಳ ನೆರಳು, ಆ ಬಿಸಿಲಿನ ಊರಿನಲ್ಲಿ ಬಾವಿಯ ತಂಪು. ಆ ಕಲ್ಲನ್ನು ಕೈಯಿಂದ ಕಡಿದವರಲ್ಲಿ ಒಬ್ಬರ ಹೆಸರೂ ಅಲ್ಲಿ ಕಾಣಲಿಲ್ಲ. ಮೊಮ್ಮಗ ಇಳಿದು ಬಂದು, “ಅರವತ್ತೈದು ಮುತ್ಯಾ!” ಎಂದ. ಕಟ್ಟುವಾಗ ೬೬ ಇದ್ದವು, ಕೊನೆಯ ಮೆಟ್ಟಿಲು ಈಗ ರಸ್ತೆಯ ಹಾಸಿನಡಿ ಹೂತಿದೆ. ಲೆಕ್ಕ ಸರಿಯಾಗಿತ್ತು.

ಮರಳಿ ಬಂದಾಗ ಹಡಗು ಬರಿದಾಗಿದ್ದಂತೆ ಕಂಡಿತು. ಬಂದರಿಗೆ ಬಂದ ದಿನ ಜನರೆಲ್ಲ ಊರಿಗೆ ಇಳಿದಿರುತ್ತಾರೆ. ಮೇಲಿನ ಅಂತಸ್ತಿನಲ್ಲಿ ಸಾಲಾಗಿ ಹಾಕಿದ ಒರಗುಕುರ್ಚಿಗಳಲ್ಲಿ ಒಂದರ ಮೇಲೆ ಮಗಳು ಮಲಗಿದ್ದಳು. ಎಚ್ಚರವಾದ ಮೇಲೆ ಎಷ್ಟು ಹೊತ್ತಾಯಿತೆಂದು ಕೇಳಿದಳು. ನಾಲ್ಕು ಗಂಟೆ ಕಳೆದಿತ್ತು. ಎರಡು ವರ್ಷದಲ್ಲಿ ಹಗಲು ಹೊತ್ತು ಹೀಗೆ ಮಲಗಿದ್ದು ಇದೇ ಮೊದಲೆಂದಳು. ಆಮೇಲೆ ಬಹಳ ಹೊತ್ತು ಮಾತಾಡದೆ ಕಡಲನ್ನು ನೋಡುತ್ತ ಕುಳಿತಳು. ನಾನೂ ಪಕ್ಕದಲ್ಲಿ ಕುಳಿತೆ.

ಊಟದ ಶಾಲೆಯಲ್ಲಿ ನಮಗೆ ಬಡಿಸುತ್ತಿದ್ದ ತರುಣ ಕಾರವಾರದ ಕಡೆಯವನು. ಮೊದಲ ದಿನವೇ ನಮ್ಮ ಮಾತು ಕೇಳಿ, “ನೀವು ಧಾರವಾಡ ಕಡೆಯವರಾ?” ಎಂದು ಕನ್ನಡದಲ್ಲೇ ಕೇಳಿ ಬೆರಗುಗೊಳಿಸಿದ್ದ. ಸಸ್ಯಾಹಾರವೆಂದು ಮುಂಚೆಯೇ ತಿಳಿಸಿದರೆ ಬೇಳೆ, ಅನ್ನ, ಪಲ್ಯ ದಿನಾಲೂ ಸಿಗುತ್ತದೆ. ನನ್ನ ಮನೆಯವರು ಕೂಸಿನೊಡನೆ ಕೋಣೆಯಲ್ಲಿದ್ದ ದಿನ ಅವನು ಮೊಸರನ್ನವನ್ನು ಕಲಸಿಸಿ ಕಳುಹಿಸಿದ. ಅವನಿಗೂ ಊರಲ್ಲಿ ಎರಡು ವರ್ಷದ ಮಗಳು. ಎಂಟು ತಿಂಗಳ ಕರಾರಿನ ಮೇಲೆ ಹಡಗು ಹತ್ತಿ ಬರುತ್ತಾನೆ. ಹುಟ್ಟಿದಾಗಿನಿಂದ ಆ ಕೂಸನ್ನು ಎತ್ತಿಕೊಂಡ ದಿನಗಳನ್ನು ಕೂಡಿಸಿದರೆ ಮೂರು ತಿಂಗಳಾಗದೆಂದು, ತಟ್ಟೆ ತೆಗೆಯುತ್ತ, ಲೆಕ್ಕ ಹೇಳುವವನಂತೆ ಹೇಳಿದ. ನಮ್ಮ ಅವಳಿಗಳು ಅನ್ನ ಚೆಲ್ಲಿದಾಗಲೆಲ್ಲ ಯಾರಿಗಿಂತ ಮೊದಲು ಅವನೇ ಬಗ್ಗುತ್ತಿದ್ದ. ನನ್ನ ಮನೆಯವರು ಕೊನೆಯ ದಿನ ಅವನ ಕೈಗೆ ಮಗಳಿಗೆಂದು ಸ್ವಲ್ಪ ಹಣ ಕೊಟ್ಟರು. ಅವನು ಕಾಲಿಗೆ ನಮಸ್ಕರಿಸಿದ್ದನ್ನು ಅಕ್ಕಪಕ್ಕದ ಮೇಜಿನವರು ಏನೋ ಬಿದ್ದುಹೋಯಿತೆಂದು ತಿಳಿದು ಬಗ್ಗಿ ನೋಡಿದರು.

ಹಾಗೆಂದು ಎಲ್ಲರಿಗೂ ಹಡಗೇ ಸರಿಯೆಂದು ನಾನು ಹೇಳಲಾರೆ. ಹಾಲು ಬಿಡದ ಒಂದೇ ಕೂಸಿದ್ದು, ಜೊತೆಗೆ ಹಿರಿಯರಿಲ್ಲದ ದಂಪತಿಗಳಿಗೆ ಆ ಚಿಕ್ಕ ಕೋಣೆ ಬಂಧನವಾಗಬಹುದು. ಕೂಸು ಎಂಟಕ್ಕೆ ಮಲಗಿದರೆ ದೀಪವಾರಿಸಿ ಕತ್ತಲಲ್ಲಿ ಇಬ್ಬರೂ ಕುಳಿತಿರಬೇಕು. ಪಾರ್ಕಿನಲ್ಲಿ ಬೇಸರವಾದರೆ ಹೊರಗೆ ಬರಬಹುದು, ಹಡಗಿನಲ್ಲಿ ಹೊರಗೆಂಬುದಿಲ್ಲ. ಜೂನಿನಿಂದ ನವೆಂಬರಿನವರೆಗೆ ಅಲ್ಲಿ ಚಂಡಮಾರುತಗಳ ಕಾಲ, ಹಡಗು ಹೇಳಿದ ಊರಿಗೆ ಹೋಗದೆ ಬೇರೆಡೆಗೆ ಹೋಗಬಹುದು. ಅದೇ ಬೇಸಿಗೆಯಲ್ಲಿ ಪಾರ್ಕಿಗೆ ಹೋದವರಿಗೆ ಮಧ್ಯಾಹ್ನದ ಗುಡುಗುಮಳೆ ತಪ್ಪಿದ್ದಲ್ಲ. ಮೂರು ವರ್ಷ ತುಂಬಿ, ಡೈಪರ್ ಬಿಟ್ಟು, ಕಥೆಯ ಹೆಸರುಗಳು ಬಾಯಿಗೆ ಬಂದ ಮಗುವಾದರೆ ನಾನು ಪಾರ್ಕನ್ನೇ ಹೇಳಿಯೇನು. ಆದರೆ ವಹಿಯ ಮೊದಲನೆಯ ಸಾಲಿನಲ್ಲಿ, ಮನೆಯಲ್ಲಿ ಹೆಚ್ಚು ದಣಿದವರ ಹೆಸರು ಬರೆದುಕೊಂಡ ಮೇಲೆ.

ಅಳಿಯಂದಿರ ಉಪಾಯವನ್ನು ಹೇಳಬೇಕಲ್ಲ. ಹಡಗಿನಿಂದ ಇಳಿದ ದಿನ ಆರ್ಲ್ಯಾಂಡೊದಲ್ಲಿ ತಂಗಿದೆವು. ಮಾರನೆಯ ದಿನ ತಾಯಿಮಗಳು ಅವಳಿಗಳೊಡನೆ ಕೋಣೆಯಲ್ಲೇ ಉಳಿದರು. ಅಳಿಯಂದಿರು, ನಾನು, ಹಿರಿಯ ಮೊಮ್ಮಗ ಮೂವರೇ ಮ್ಯಾಜಿಕ್ ಕಿಂಗ್‌ಡಮ್‌ಗೆ ಹೋದೆವು. ಈ ಸಲ ಸಾಲಿನ ಹೆಸರನ್ನು ಕೈಮೇಲೆ ಬರೆದುಕೊಂಡೆ. ಅವನೀಗ ೩೮ ಅಂಗುಲವನ್ನೂ ೪೪ ಅಂಗುಲವನ್ನೂ ದಾಟಿದ್ದ. ಗಣಿಯ ರೈಲಿನಲ್ಲಿ ತಂದೆಯೊಡನೆ ಎರಡು ಸಲ ಹೋಗಿ ಬಂದ. ಗೊಂಬೆಗಳ ದೋಣಿಗೆ ಬರುವೆಯಾ ಎಂದರೆ ಅದು ಸಣ್ಣವರದೆಂದ. ನಾನು ಒಬ್ಬನೇ ಕುಳಿತು ಬಂದೆ. ಹಾಡು ಅದೇ, ಗೊಂಬೆಗಳೂ ಅವೇ.

ಸಂಜೆ ಕೋಣೆಗೆ ಮರಳಿ, ಬೆಳಿಗ್ಗೆ ಊರಿಗೆ ಹೊರಟೆವು. ಜಾರ್ಜಿಯಾ ಗಡಿ ದಾಟಿದ ಮೇಲೆ ಅವಳಿಗಳು ಅಳತೊಡಗಿದವು. ಹೆದ್ದಾರಿಯ ತಂಗುದಾಣದಲ್ಲಿ ಕಾರು ನಿಲ್ಲಿಸಿ, ನನ್ನ ಮನೆಯವರು ಐದು ದಿನ ಬಂದರಿನ ಬಿಸಿಲಲ್ಲಿ ಕಾದಿದ್ದ ಖಟಕ್ ರೊಟ್ಟಿಯ ಗಂಟು ಬಿಚ್ಚಿದರು. ರೊಟ್ಟಿಗೆ ಏನೂ ಆಗಿರಲಿಲ್ಲ. ಇನ್ನಷ್ಟು ಗರಿಯಾಗಿತ್ತು. ಅವಳಿಗಳ ಕೈಗೆ ಒಂದೊಂದು ಚೂರು ಕೊಟ್ಟರು. ಇಬ್ಬರೂ ಅದನ್ನು ಜೊಲ್ಲಿನಲ್ಲಿ ನೆನೆಸಿ ಚೀಪುತ್ತ ಸುಮ್ಮನಾದರು. ಮಗಳು ತನ್ನ ಪಾಲಿಗೆ ಎರಡು ರೊಟ್ಟಿ ತೆಗೆದುಕೊಂಡು, ಚಟ್ನಿಯ ಡಬ್ಬಿ ಎಲ್ಲಿದೆಯೆಂದು ಕೇಳಿದಳು.